ಮದ್ದೂರು, ಮೇಲುಕೋಟೆ, ರಂಗನತಿಟ್ಟು: ಬೇಸಿಗೆ ವೀಕೆಂಡ್‌ಗೆ ಬಿಸಿಲು ತಪ್ಪಿಸಿ, ಊಟ ತಪ್ಪಿಸದೆ

ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ಗೆಳೆಯರ ಗುಂಪಿನಲ್ಲಿ ಟ್ರಿಪ್ ಮಾತು ಬಂದರೆ ಮೊದಲು ಕೇಳುವ ಹೆಸರು ಕೊಡಗು, ಇಲ್ಲಾ ಚಿಕ್ಕಮಗಳೂರು. ಶನಿವಾರ ಅರ್ಧ ದಿನ ಕಾರಿನಲ್ಲಿ, ಭಾನುವಾರ ಇನ್ನರ್ಧ ದಿನ ಕಾರಿನಲ್ಲಿ. ನಾವು ಅದನ್ನು ಬಿಟ್ಟು ಹತ್ತಿರದ ಮಂಡ್ಯ ಜಿಲ್ಲೆ ಸುತ್ತಿ ಬಂದೆವು. ಈ ಬಿಸಿಲಲ್ಲಿ ಮಂಡ್ಯಕ್ಕಾ ಅಂತ ಮನೆಯಲ್ಲಿ ನಕ್ಕರು. ನಗಲಿ. ಬೆಳಿಗ್ಗೆ ಹತ್ತೂವರೆ ಒಳಗೆ ಓಡಾಟ, ಮಧ್ಯಾಹ್ನ ಊಟ ಮತ್ತು ನಿದ್ದೆ, ನಾಲ್ಕರ ಮೇಲೆ ಮತ್ತೆ ಓಡಾಟ. ಈ ಲೆಕ್ಕಕ್ಕೆ ಗುಂಪಿನಲ್ಲಿ ಎಲ್ಲರೂ ಒಪ್ಪಿದರೆ ಮಂಡ್ಯದ ಬಿಸಿಲು ಏನೂ ಮಾಡುವುದಿಲ್ಲ.

ಬೆಳಿಗ್ಗೆ ಐದಕ್ಕೆ ಬೆಂಗಳೂರು ಬಿಡಿ. ಗುಂಪಿಗೆ ನಾಲ್ಕೂವರೆ ಅಂತ ಹೇಳಿ, ಆಗ ಐದಕ್ಕೆ ಬರುತ್ತಾರೆ. ಬೈಕಿನವರಿಗೆ ಒಂದು ಮಾತು: 2023ರ ಆಗಸ್ಟ್‌ನಿಂದ ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕ್, ಆಟೊ ಬಿಡುವುದಿಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಅದರಲ್ಲಿ ನಷ್ಟವೇನೂ ಇಲ್ಲ. ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರನ್ನೆಲ್ಲ ಪಕ್ಕಕ್ಕೆ ಸರಿಸಿ ಓಡುತ್ತದೆ. ಸುಮ್ನೆ ಹೋಗ್ತಾ ಇದ್ದರೆ ತಿಂಡಿಯ ಊರುಗಳೇ ಕಾಣುವುದಿಲ್ಲ. ಕಾರಿನವರೂ ಬೇಕಂತಲೇ ಕೆಳಗೆ ಇಳಿಯಬೇಕು.

ನಾವು ಇಳಿದದ್ದು ಮದ್ದೂರಿನಲ್ಲಿ. ಬಿಡದಿಯ ತಟ್ಟೆ ಇಡ್ಲಿಯೋ ಮದ್ದೂರು ವಡೆಯೋ ಅಂತ ಕಾರಿನಲ್ಲಿ ದೊಡ್ಡ ಚರ್ಚೆಯೇ ಆಯಿತು. ನನ್ನ ಮತ ವಡೆಗೆ, ಅದೂ ಬಾಣಲೆಯಿಂದ ಆಗತಾನೆ ಇಳಿದಿದ್ದರೆ ಮಾತ್ರ. ಬೆಂಗಳೂರಿನ ಬೇಕರಿಗಳಲ್ಲಿ ಆ ಹೆಸರಿನಲ್ಲಿ ಸಿಗುವ ಗಟ್ಟಿ ಬಿಲ್ಲೆಯೇ ಬೇರೆ. ಇದು ಉದ್ದಿನ ವಡೆಯ ಹಾಗೆ ರುಬ್ಬಿ ಮಾಡುವುದಲ್ಲ. ರವೆ, ಮೈದಾ, ಅಕ್ಕಿಹಿಟ್ಟಿಗೆ ಹೆಚ್ಚಿದ ಈರುಳ್ಳಿ, ಕರಿಬೇವು ಹಾಕಿ ಕಲಸಿ ಕೈಯಲ್ಲಿ ತಟ್ಟುತ್ತಾರೆ. ಮುರಿದರೆ ಅಂಚು ಪುಡಿಪುಡಿಯಾಗಬೇಕು, ಒಳಗೆ ಈರುಳ್ಳಿಯ ಎಸಳು ಅರ್ಧ ಕೆಂಪಗೆ, ಅರ್ಧ ಮೆತ್ತಗೆ ಇರಬೇಕು. ಒಬ್ಬರಿಗೆ ಎರಡು ಸಾಕು. ದಾರಿಗೆ ಕಟ್ಟಿಸಿಕೊಳ್ಳಬೇಡಿ, ಕಾಗದದಲ್ಲಿ ಬೆವರಿ ಮೆತ್ತಗಾಗುತ್ತದೆ.

ಮಂಡ್ಯದಿಂದ ಜಕ್ಕನಹಳ್ಳಿ ದಾರಿ ಹಿಡಿದು ಮೇಲುಕೋಟೆ ಸೇರಿ. ಮೊದಲು ಯೋಗನರಸಿಂಹನ ಬೆಟ್ಟ, ಆಮೇಲೆ ಊರೊಳಗಿನ ಚೆಲುವನಾರಾಯಣ. ಈ ಕ್ರಮ ಬದಲಿಸಬೇಡಿ. ಬೆಳಗಿನ ಮೆಟ್ಟಿಲು ತಣ್ಣಗಿರುತ್ತದೆ. ಹನ್ನೊಂದರ ಮೇಲೆ ಅದೇ ಕಲ್ಲು ಕಾದ ಹೆಂಚು, ಗುಡಿಯ ಮುಂದೆ ಬರಿಗಾಲಲ್ಲಿ ಕುಣಿಯಬೇಕಾಗುತ್ತದೆ. ಒಂದು ಜೊತೆ ಕಾಲುಚೀಲ ಚೀಲದಲ್ಲಿರಲಿ. ಕೋತಿಗಳ ಕಾಟ ಇದೆ, ಕೈಯಲ್ಲಿ ಬಾಳೆಹಣ್ಣಾಗಲಿ ಪ್ಲಾಸ್ಟಿಕ್ ಕವರ್ ಆಗಲಿ ಕಾಣಿಸಬಾರದು. ಗುಡಿ ಬಾಗಿಲು ಮಧ್ಯಾಹ್ನ ಹಾಕುತ್ತಾರೆ, ಹಾಗಾಗಿ ಕೆಳಗಿನ ದೇವಸ್ಥಾನವನ್ನೂ ಊಟಕ್ಕೆ ಮೊದಲೇ ಮುಗಿಸಿ. ಫಾಲ್ಗುಣದ ವೈರಮುಡಿ ಉತ್ಸವದ ಹೊತ್ತಿಗೆ ಮಾತ್ರ ಸುಮ್ನೆ ಸುತ್ತಾಡಲು ಹೋಗಬೇಡಿ. ಆಗ ಊರು ಭಕ್ತರದ್ದು, ಕಾರು ನಿಲ್ಲಿಸಲೂ ಜಾಗ ಸಿಗಲ್ಲ.

ಇನ್ನು ಪುಳಿಯೋಗರೆ. ಬೇಸಿಗೆಗೆ ಇದಕ್ಕಿಂತ ಒಳ್ಳೆ ಪ್ರಯಾಣದ ಊಟ ನನಗೆ ಗೊತ್ತಿಲ್ಲ. ಕಾರಿನಲ್ಲಿಟ್ಟ ಮೊಸರನ್ನ ಮಧ್ಯಾಹ್ನಕ್ಕೆ ಹುಳಿ ಬಂದಿರುತ್ತದೆ, ಚಿತ್ರಾನ್ನ ಹಳಸುತ್ತದೆ. ಹುಣಸೆ, ಬೆಲ್ಲ, ಎಣ್ಣೆ, ಎಳ್ಳು ಸೇರಿದ ಗೊಜ್ಜಿನ ಅನ್ನ ರಾತ್ರಿವರೆಗೂ ಹಾಗೇ ಇರುತ್ತದೆ, ರುಚಿ ಇನ್ನೂ ಏರುತ್ತದೆ. ಮೇಲುಕೋಟೆಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಬಡಿಸುವ ಚಿಕ್ಕ ಜಾಗಗಳನ್ನು ಹುಡುಕಿ. ಅನ್ನ ಹಳದಿಯಾಗಿದ್ದರೆ ಮುಂದಕ್ಕೆ ನಡೆಯಿರಿ. ಕಂದು ಬಣ್ಣ ಬಂದು, ಒಂದೊಂದು ಅಗುಳೂ ಬಿಡಿಬಿಡಿಯಾಗಿ, ಎಲೆಯ ಮೇಲೆ ಎಣ್ಣೆ ಸ್ವಲ್ಪ ಹೊಳೆಯುತ್ತಿದ್ದರೆ ಅಲ್ಲೇ ಕೂತುಬಿಡಿ. ಜೊತೆಗೆ ಸಕ್ಕರೆ ಪೊಂಗಲ್ ಒಂದೇ ತಗೊಂಡು ಹಂಚಿಕೊಳ್ಳಿ, ತುಪ್ಪ ಜಾಸ್ತಿ. ಮನೆಗೆ ಗೊಜ್ಜು ಕೊಳ್ಳಿ. ನಮ್ಮಲ್ಲೊಬ್ಬ ಎರಡು ಎಲೆ ಖಾಲಿ ಮಾಡಿ, ನಿದ್ದೆ ಬರ್ತಿದೆ ಕಣ್ರೋ ಅಂದ. ಕಲ್ಯಾಣಿಯ ಸುತ್ತ ಕಲ್ಲಿನ ಮಂಟಪಗಳಿವೆ, ನೆರಳಿದೆ. ಮೂರೂವರೆವರೆಗೆ ಅಲ್ಲೇ ಕಾಲು ಚಾಚಿದೆವು. ಹೊರಡುವ ಮುಂಚೆ ಅಕ್ಕ-ತಂಗಿ ಕೊಳ, ಪೂರ್ತಿಯಾಗದೆ ಕಂಬಗಳಲ್ಲೇ ನಿಂತ ರಾಯಗೋಪುರ ನೋಡಿ.

ಸಂಜೆಗೆ ಪಾಂಡವಪುರದ ಕಡೆ ತೊಣ್ಣೂರು ಕೆರೆ. ಗುಡ್ಡಗಳ ನಡುವೆ ದೊಡ್ಡ ನೀರು, ಚೆನ್ನಾಗಿ ಗಾಳಿ. ಪಕ್ಕದಲ್ಲೇ ನಂಬಿನಾರಾಯಣ ದೇವಸ್ಥಾನವಿದೆ, ಅಲ್ಲಿ ಗಲಾಟೆ ಕಡಿಮೆ. ನೀರು ತಿಳಿಯಾಗಿ ಕಾಣುತ್ತದೆ ಅಂತ ಇಳಿಯಬೇಡಿ, ಆಳ ಇದೆ. ಶ್ರೀರಂಗಪಟ್ಟಣದ ಕಡೆಯ ಬಲಮುರಿ, ಸಂಗಮಕ್ಕೂ ಇದೇ ಮಾತು. ಬೇಸಿಗೆಯಲ್ಲಿ ಕಾವೇರಿ ಸೊರಗಿದಂತೆ ಕಂಡರೂ ಬಂಡೆಗಳ ನಡುವೆ ಗುಂಡಿ, ಸುಳಿ ಇರುತ್ತವೆ. ಈಜು ಬರುವವರೇ ಮುಳುಗುವ ಜಾಗಗಳಿವು. ಭರಣಿ ಮಳೆಯ ದಿನಗಳಲ್ಲಿ ಸಂಜೆ ಗುಡುಗು ಶುರುವಾದರೆ ಕೆರೆ ಏರಿ, ಬೆಟ್ಟ ಎರಡೂ ಬಿಟ್ಟು ಕಾರು ಸೇರಿ.

ರಾತ್ರಿ ಮೈಸೂರಿನಲ್ಲಿ ಉಳಿಯಿರಿ. ಶಾಲೆಗೆ ರಜೆ ಇರುವ ತಿಂಗಳು, ರೂಮು ಮೊದಲೇ ಹಿಡಿಯಬೇಕು. ಅರಮನೆಯ ದೀಪ ನೋಡೋಣ ಅಂತ ಯಾರಾದರೂ ಹಟ ಹಿಡಿದರೆ, ಅದನ್ನು ಪೂರ್ತಿಯಾಗಿ ಹಚ್ಚುವುದು ಭಾನುವಾರ ಮತ್ತು ಸರ್ಕಾರಿ ರಜೆಗಳ ಸಂಜೆ ಅಂತ ಹೇಳಿ. ಅದಕ್ಕೆ ಕಾದರೆ ಬೆಂಗಳೂರು ಸೇರುವಾಗ ನಡುರಾತ್ರಿ ಹತ್ತಿರವಾಗುತ್ತದೆ. ನಾವು ಬಿಟ್ಟೆವು.

ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನ ಮೊದಲ ದೋಣಿಗಳಲ್ಲೇ ಹತ್ತಿ. ಬಿಸಿಲೇರಿದರೆ ದೋಣಿಯಲ್ಲಿ ನೆರಳಿಲ್ಲ, ಸರದಿ ಸಾಲೂ ಉದ್ದವಾಗುತ್ತದೆ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಅರಸರು 1940ರಲ್ಲಿ ಇದನ್ನು ಪಕ್ಷಿಧಾಮ ಮಾಡಿದರು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಬೇಸಿಗೆಯಲ್ಲೇ ಬರಬೇಕು ಅನ್ನಲು ಕಾರಣ ಮರಿಗಳು. ಬಣ್ಣದ ಕೊಕ್ಕರೆಗಳ ಗೂಡಿನಲ್ಲಿ ಮಾಸಲು ಬಣ್ಣದ ಮರಿಗಳು ಕೊಕ್ಕು ತೆರೆದು ಕಿರುಚುತ್ತಿರುತ್ತವೆ, ತಾಯಿ ರೆಕ್ಕೆ ಬಿಚ್ಚಿ ಅವಕ್ಕೆ ನೆರಳು ಹಿಡಿದು ನಿಂತಿರುತ್ತದೆ. ಕೆಳಗೆ ಬಂಡೆಯ ಮೇಲೆ ಮೊಸಳೆ ಬಾಯಿ ಕಳೆದು ಮಲಗಿರುತ್ತದೆ. ಮಳೆಗಾಲದಲ್ಲಿ ಹೊಳೆ ತುಂಬಿ ಬಂದರೆ ದೋಣಿಯನ್ನೇ ನಿಲ್ಲಿಸುತ್ತಾರೆ. ದುರ್ಬೀನು ಇದ್ದರೆ ತನ್ನಿ. ಮೊಬೈಲ್ ಫೋಟೊದಲ್ಲಿ ಎಲ್ಲವೂ ಬಿಳಿ ಚುಕ್ಕೆ.

ಮಾಂಸ ತಿನ್ನುವವರು ಮೇಲುಕೋಟೆಯಲ್ಲಿ ತಡೆದುಕೊಂಡ ಆಸೆಯನ್ನು ಇಲ್ಲಿ ತೀರಿಸಿಕೊಳ್ಳಬಹುದು. ಶ್ರೀರಂಗಪಟ್ಟಣದಿಂದ ಮಂಡ್ಯದವರೆಗೆ ಹಳೇ ರಸ್ತೆಯಲ್ಲಿ ಮುದ್ದೆ, ನಾಟಿಕೋಳಿ ಸಾರು ಹಾಕುವ ಹೋಟೆಲ್‌ಗಳಿವೆ. ಲಾರಿ ನಿಂತಿರುವ ಕಡೆ ನಿಲ್ಲಿಸಿ. ಮುದ್ದೆ ಒಂದಕ್ಕೇ ನಿಲ್ಲಿಸಿ, ಗಾಡಿ ಓಡಿಸುವವರು ಅರ್ಧಕ್ಕೆ. ಆಲೆಮನೆ ನಡೆಯುತ್ತಿರುವುದು ಕಂಡರೆ ಕೇಳಿಕೊಂಡು ಒಳಗೆ ಹೋಗಿ, ಬಿಸಿ ಬೆಲ್ಲದ ರುಚಿ ನೋಡಬಹುದು.

ಖರ್ಚಿನ ಲೆಕ್ಕ ಮೊದಲೇ ಒಬ್ಬರ ಕೈಗೆ ಕೊಡಿ. ಹೋಟೆಲ್ ಹೋಟೆಲ್‌ಗೂ ನಾನು ಕೊಡ್ತೀನಿ, ನೀನು ಬಿಡು ಅನ್ನುವ ನಾಟಕ ಬೇಡ. ಕಾರಿನಲ್ಲಿ ನೀರಿನ ಕ್ಯಾನ್ ಇರಲಿ, ದಾರಿಯಲ್ಲಿ ಎಳನೀರು, ತಾಟಿನುಂಗು ಕಂಡಲ್ಲಿ ನಿಲ್ಲಿಸಿ.

ಊಟ ಮುಗಿಸಿ ಮೂರು ಗಂಟೆಗೆ ಹೊರಟರೆ ಕೆಂಗೇರಿಯ ಭಾನುವಾರದ ಟ್ರಾಫಿಕ್ ಶುರುವಾಗುವ ಮುಂಚೆ ಊರು ಸೇರಬಹುದು. ರಾಮನಗರದ ಬಳಿ ಮಾವಿನಹಣ್ಣು ಕೊಳ್ಳುವುದಾದರೆ ಚೌಕಾಸಿ ಮಾಡಿ, ಮೇಲಿನ ಸಾಲು ನೋಡಿ ಮೋಸ ಹೋಗದೆ ಬುಟ್ಟಿಯ ಅಡಿಯಿಂದ ಒಂದು ತೆಗೆಸಿ ಮೂಸಿ ನೋಡಿ. ರಸಪುರಿಯನ್ನು ಮಾತ್ರ ಡಿಕ್ಕಿಗೆ ಹಾಕಬೇಡಿ, ಆ ಕಾವಿಗೆ ಮನೆ ಸೇರುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಹಿಂದಿನ ಸೀಟಿನವರ ಮಡಿಲಲ್ಲಿಡಿ.