ಫೋರ್‌ಹ್ಯಾಂಡಿಗೆ ಮೊದಲು ಕಾಲು

ಟೇಬಲ್ ಟೆನಿಸ್ ಮೇಜಿನ ಅಗಲ 152.5 ಸೆಂ.ಮೀ. ಕೈ ಚಾಚಿದರೆ ಮುಕ್ಕಾಲು ಪಾಲು ಸಿಕ್ಕಿಬಿಡುತ್ತದೆ ಅನ್ನಿಸುತ್ತದೆ. ನಮ್ಮ ಕಾಸರಗೋಡು ಕಡೆ ವಾಚನಾಲಯದ ಪಕ್ಕದ ಕೋಣೆಯಲ್ಲೋ ಕ್ಲಬ್ಬಿನ ಜಗಲಿಯಲ್ಲೋ ಮೇಜು ಹಾಕಿ ಆಡುವಾಗ ಬೆನ್ನ ಹಿಂದೆಯೇ ಗೋಡೆ. ಹಾಗಾಗಿ ನಿಂತಲ್ಲೇ ಕೈ ಚಾಚುವ ಅಭ್ಯಾಸ ಬೇಗ ಅಂಟಿಕೊಳ್ಳುತ್ತದೆ. ಚಾಚಿದ ಕೈಗೆ ಚೆಂಡು ತಾಗುತ್ತದೆ ನಿಜ, ಆದರೆ ಭುಜ ವಾಲಿ ಬ್ಯಾಟಿನ ಕೋನ ಪ್ರತಿಸಲ ಬೇರೆಯಾಗುತ್ತದೆ. ಒಮ್ಮೆ ನೆಟ್ಟಿಗೆ, ಇನ್ನೊಮ್ಮೆ ಮೇಜಿನಾಚೆ. ಕಲಿಯುವವರು ಇದಕ್ಕೆ ಕೈಯನ್ನೇ ತಿದ್ದುತ್ತಾ ತಿಂಗಳುಗಟ್ಟಲೆ ಕಳೆಯುವುದು ನೋಡಿದರೆ ಬೇಸರವಾಗುತ್ತದೆ.

ಬಲಗೈ ಆಟಗಾರರ ಲೆಕ್ಕದಲ್ಲಿ ಹೇಳುತ್ತೇನೆ. ಪಾದಗಳ ನಡುವೆ ಭುಜದಗಲದ ಸುಮಾರು ಒಂದೂವರೆ ಪಟ್ಟು ಅಂತರ ಇರಲಿ. ಬಲಪಾದ ಅರ್ಧ ಪಾದದಷ್ಟು ಹಿಂದೆ. ಮಂಡಿ ಬಾಗಿರಲಿ, ಭಾರ ಪಾದದ ಮುಂಭಾಗದಲ್ಲಿರಲಿ. ಹಿಮ್ಮಡಿಯಡಿ ಕಾಗದ ತೂರಿಸುವಷ್ಟು ಸಡಿಲವಿದ್ದರೆ ಸಾಕು. ಎರಡೂ ಪಾದ ಒಂದೇ ಗೆರೆಯಲ್ಲಿದ್ದರೆ ಸೊಂಟ ತಿರುಗುವುದಿಲ್ಲ, ಕೈಯೊಂದೇ ದುಡಿಯುತ್ತದೆ, ಕೊನೆಗೆ ಭುಜ ನೋಯುತ್ತದೆ.

ಫೋರ್‌ಹ್ಯಾಂಡ್, ಅಂದರೆ ಬ್ಯಾಟ್ ಹಿಡಿದ ಕೈಯ ಬದಿಯಲ್ಲಿ ಹೊಡೆಯುವ ಹೊಡೆತ, ಶುರುವಾಗುವುದು ಸೊಂಟದಿಂದ. ಸೊಂಟ ಬಲಕ್ಕೆ ತಿರುಗಿದಾಗ ಭಾರ ಬಲಗಾಲಿಗೆ ಇಳಿಯಬೇಕು, ಬ್ಯಾಟ್ ಅದರ ಜೊತೆಗೇ ಹಿಂದೆ ಹೋಗಬೇಕು. ಮೊಣಕೈಗೂ ಪಕ್ಕೆಗೂ ಮಧ್ಯೆ ಒಂದು ಮುಷ್ಟಿ ಜಾಗ. ಚೆಂಡು ಪುಟಿದು ಅತಿ ಎತ್ತರಕ್ಕೆ ಬಂದಾಗ, ಬಲಸೊಂಟದ ಮುಂದೆ ಸಿಗಬೇಕು. ಪಕ್ಕಕ್ಕೆ ದಾಟಿದ ಮೇಲೆ ಸಿಕ್ಕರೆ ಕಾಲು ತಡವಾಯಿತು ಎಂದೇ ಅರ್ಥ. ಹೊಡೆತ ಮುಗಿಯುವಾಗ ಭಾರ ಎಡಗಾಲಲ್ಲಿ, ಬ್ಯಾಟ್ ಹಣೆಯ ಎದುರಲ್ಲಿ.

ಇನ್ನು ಓಡಾಟ. ಎದುರಾಳಿ ಚೆಂಡು ಹೊಡೆಯುವ ಕ್ಷಣಕ್ಕೆ ಎರಡೂ ಪಾದ ಕೂಡಿ ಒಂದು ಚಿಕ್ಕ ಕುಪ್ಪಳಿಕೆ. ಅಲ್ಲಿಂದ ಯಾವ ಕಡೆಗೂ ಹೊರಡಬಹುದು. ಬಲಕ್ಕೆ ಹೋಗಲು ಎಡಗಾಲಿನಿಂದ ನೆಲ ಒತ್ತಿ ಪಕ್ಕಕ್ಕೆ ಜಾರಿ. ಪಾದಗಳು ಒಂದಕ್ಕೊಂದು ಅಡ್ಡ ಬರಬಾರದು, ತಲೆ ಮೇಲೆ ಕೆಳಗೆ ಹಾರಬಾರದು. ತಲೆ ಹಾರಿದರೆ ಕಣ್ಣಿಗೆ ಚೆಂಡಿನ ಎತ್ತರ ತಪ್ಪುತ್ತದೆ.

ಬ್ಯಾಕ್‌ಹ್ಯಾಂಡ್ ಎಂದರೆ ಕೈಯನ್ನು ಮೈಗೆ ಅಡ್ಡ ತಂದು ಎಡಬದಿಯಲ್ಲಿ ಹೊಡೆಯುವುದು. ಆ ಎಡಮೂಲೆಗೆ ಬಂದ ಚೆಂಡನ್ನು ಫೋರ್‌ಹ್ಯಾಂಡಿನಲ್ಲಿ ಹೊಡೆಯುವುದಾದರೆ ಎಡಗಾಲು ಮೇಜಿನ ಅಂಚಿನಾಚೆಗೆ ಹೋಗಬೇಕು, ಬಲಗಾಲು ಅದರ ಹಿಂದೆ ಸುತ್ತಿ ಬರಬೇಕು. ಹೆಚ್ಚಿನವರು ಅರ್ಧ ಹೆಜ್ಜೆಗೇ ನಿಲ್ಲುತ್ತಾರೆ. ಚೆಂಡು ಹೊಟ್ಟೆಗೆ ಬಂದು ಕೈ ಸಿಕ್ಕಿಬೀಳುತ್ತದೆ. ಯಕ್ಷಗಾನದ ಮಕ್ಕಳು ವೇಷ ಕಟ್ಟುವ ಮೊದಲು ಹೆಜ್ಜೆ ಕಲಿಯುವ ಹಾಗೆ, ಇದನ್ನು ಚೆಂಡಿಲ್ಲದೆ ನೂರು ಸಲ ಮಾಡಿ. ಆ ಹೊಡೆತವಾದ ಮೇಲೆ ಬಲಮೂಲೆ ಪೂರ್ತಿ ಖಾಲಿ. ಅಲ್ಲಿಗೆ ಪಕ್ಕ ಜಾರಿದರೆ ಸಾಲದು, ಎಡಗಾಲು ಬಲಗಾಲಿನ ಮುಂದಿನಿಂದ ದಾಟಬೇಕು. ಅದು ನೆಲ ಮುಟ್ಟುವ ಹೊತ್ತಿಗೆ ಹೊಡೆತ. ಬಲಗಾಲು ಸುತ್ತಿ ಬಂದು ಮೈಯನ್ನು ತಡೆದು ನಿಲ್ಲಿಸುತ್ತದೆ. ಅಡ್ಡ ಹೆಜ್ಜೆ ಸಲ್ಲುವುದು ಇಲ್ಲಿ ಮಾತ್ರ.

ಪಕ್ಕಕ್ಕೆ ಜಾರುವುದು, ಸುತ್ತಿ ಬರುವುದು, ಅಡ್ಡ ಹೆಜ್ಜೆ, ಈ ಮೂರನ್ನೂ ಕೂಡಿಸುವ ಅಭ್ಯಾಸಕ್ಕೆ ಫಾಲ್ಕೆನ್‌ಬರ್ಗ್ ಎಂದು ಹೆಸರು, ಸ್ವೀಡನ್ನಿನದು. ಎಡಮೂಲೆಯಿಂದ ಒಂದು ಬ್ಯಾಕ್‌ಹ್ಯಾಂಡ್, ಅಲ್ಲೇ ತಿರುಗಿ ಒಂದು ಫೋರ್‌ಹ್ಯಾಂಡ್, ಬಳಿಕ ಬಲಮೂಲೆಗೆ ಓಡಿ ಇನ್ನೊಂದು ಫೋರ್‌ಹ್ಯಾಂಡ್. ಮೊದಲು ನಿಧಾನವಾಗಿ, ಐದೈದು ನಿಮಿಷ. ಹೆಜ್ಜೆ ಕೆಟ್ಟರೆ ವೇಗ ಇಳಿಸಿ.

ಆಟಿಯ ಮಳೆಗೆ ನಮ್ಮ ಟೈಲ್ಸ್ ನೆಲ ಬೆವರುತ್ತದೆ. ಆಗ ಈ ತಿರುಗುವ ಹೆಜ್ಜೆಯಲ್ಲೇ ಮಂಡಿ, ಹರಡು ಉಳುಕುವುದು ಹೆಚ್ಚು. ಆಟಕ್ಕೆ ಮೊದಲು ನೆಲವನ್ನು ಒಣಬಟ್ಟೆಯಿಂದ ಒರೆಸಿ, ರಬ್ಬರ್ ತಳದ ಶೂಗಳನ್ನು ಕೋಣೆಗೆ ಬಂದ ಮೇಲೆ ಹಾಕಿಕೊಳ್ಳಿ.