ಕೌಂಟ್ ಎಷ್ಟು?

ಈ ಬೆಳಿಗ್ಗೆ ದಾವಣಗೆರೆಯ ಪಿ.ಜೆ. ಬಡಾವಣೆಯ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆಯ ವರದಿ ಕೈಗೆ ಬಂದಾಗ, ಪಕ್ಕದಲ್ಲಿ ಕುಳಿತಿದ್ದ ಹಿರಿಯರು "ಕೌಂಟ್ ಎಷ್ಟೈತಪ್ಪಾ?" ಎಂದು ಕೇಳಿದರು.

ಪ್ಲೇಟ್‌ಲೆಟ್ 1.8 ಲಕ್ಷವಿದೆ ಎಂದೆ.

"ಮಿಲ್‌ನಾಗೆ ನಮಗೆ 60 ಕೌಂಟ್ ಅಂದ್ರೇನೇ ಭಾಳ" ಎಂದು ಅವರು ನಕ್ಕರು.

ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಲೇ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿದು. 840 ಗಜ ಉದ್ದದ ಲಡಿಗಳು ಎಷ್ಟು ಸೇರಿದರೆ ಒಂದು ಪೌಂಡ್ ತೂಗುತ್ತವೆಯೋ ಅದೇ ಹತ್ತಿ ನೂಲಿನ ಕೌಂಟ್ ಆದ್ದರಿಂದ, ಸಂಖ್ಯೆ ಏರಿದಷ್ಟೂ ಎಳೆ ಸಣ್ಣದಾಗುತ್ತದೆ. 60 ಕೌಂಟಿನ ಒಂದೇ ಪೌಂಡ್ ನೂಲನ್ನು ಬಿಡಿಸಿ ಹಾಸಿದರೆ 50,400 ಗಜ, ಅಂದರೆ ಸುಮಾರು 46 ಕಿಲೋಮೀಟರ್. ನೂಲಿಗೆ ಹೆಚ್ಚು ಕೌಂಟ್ ಹೆಗ್ಗಳಿಕೆ. ರಕ್ತದಲ್ಲಿ ಹಾಗಲ್ಲ: ಒಂದು ಮೈಕ್ರೋಲೀಟರಿನಲ್ಲಿ ಸಾಮಾನ್ಯವಾಗಿ ಒಂದೂವರೆಯಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕಾದ ಪ್ಲೇಟ್‌ಲೆಟ್‌ಗಳು ತೀರ ಇಳಿದರೆ ರಕ್ತಸ್ರಾವದ ಭಯ, ಮಿತಿಮೀರಿ ಏರಿದರೆ ಹೆಪ್ಪುಗಟ್ಟುವ ಭಯ.

ಅಮೆರಿಕದ ನ್ಯಾಯಾಲಯದಲ್ಲಿ ದೋಷಾರೋಪ ಪಟ್ಟಿಯ ಒಂದೊಂದು ಆರೋಪವೂ ಒಂದು ಕೌಂಟ್. ಬಾಕ್ಸಿಂಗಿನಲ್ಲಿ ಕೆಳಗೆ ಬಿದ್ದವನಿಗೆ ರೆಫರಿ ಹತ್ತರವರೆಗೆ ಎಣಿಸುವುದೂ ಅದೇ. ಯೂರೋಪಿನ ಶ್ರೀಮಂತ ಮನೆತನಗಳ ಬಿರುದಾದ ಕೌಂಟ್ ಮಾತ್ರ ಈ ಬಳಗಕ್ಕೆ ಸೇರಿದ್ದಲ್ಲ. ಲ್ಯಾಟಿನ್‌ನಲ್ಲಿ ಜೊತೆಗಾರ ಎಂಬರ್ಥದ ಬೇರೊಂದು ಪದದಿಂದ ಬಂದು, ಉಚ್ಚಾರಣೆಯಲ್ಲಷ್ಟೇ ಇವುಗಳ ಸಾಲಿನಲ್ಲಿ ನಿಂತಿದೆ.