ಮೆಡಿಕಲ್ ಫಾರ್ಮ್ ತುಂಬುವ ಮೊದಲು ಹಳೇ ಚೀಟಿ ಹುಡುಕಿ

ಅರಿಜೋನಾದ ಒಂದು ಫ್ಲೈಯಿಂಗ್ ಸ್ಕೂಲಿನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದೇನೆ. ಭಾರತದಿಂದ ಬರುವ ವಿದ್ಯಾರ್ಥಿಗಳ ಕಾಗದಪತ್ರದ ತಲೆನೋವೂ ನನ್ನ ಕೊರಳಿಗೇ ಬಿದ್ದಿದೆ, ಕನ್ನಡ, ಹಿಂದಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಅವರಲ್ಲಿ ಕೆಲವರು ಕ್ಲಾಸ್ ಮುಗಿದು ಎಲ್ಲರೂ ಹೋದಮೇಲೆ ಬಂದು ಕೇಳುತ್ತಾರೆ: "ಸರ್, ಪಿಯುಸಿಲಿ ಆಂಗ್ಸೈಟಿಗೆ ಸ್ವಲ್ಪ ದಿನ ಮಾತ್ರೆ ತಗೊಂಡಿದ್ದೆ. ಅದನ್ನ ಹಾಕ್ಲೇಬೇಕಾ?"

ಹಾಕಲೇಬೇಕು. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ಆನ್‌ಲೈನ್ ಮೆಡಿಕಲ್ ಫಾರ್ಮ್ ಆದ ಮೆಡ್‌ಎಕ್ಸ್‌ಪ್ರೆಸ್ ಅರ್ಜಿಯ 18ನೇ ಕಲಂ ಕೇಳುವುದೇ 'ಜೀವನದಲ್ಲಿ ಯಾವತ್ತಾದರೂ' ಅಂತ. ಹಿಂದಿನ 3 ವರ್ಷದಲ್ಲಿ ಯಾವ ಯಾವ ಡಾಕ್ಟರ ಹತ್ತಿರ ಹೋಗಿದ್ದಿರಿ ಎಂಬುದು 19ನೆಯದು. ಗೊತ್ತಿದ್ದೂ ಸುಳ್ಳು ಬರೆದರೆ ಫೆಡರಲ್ ಅಪರಾಧ. ಊರಿಂದ ಅಪ್ಪಂದಿರು ಫೋನ್ ಮಾಡಿ "ಇಲ್ಲಿ ತೋರಿಸಿದ್ದು ಅಲ್ಲಿ ಯಾರಿಗೆ ಗೊತ್ತಾಗುತ್ತೆ ಬಿಡಿ ಸರ್" ಅನ್ನುತ್ತಾರೆ. ಮಗ ನಾಳೆ ಇಲ್ಲಿನ ಲೈಸೆನ್ಸನ್ನು ಭಾರತದ್ದಕ್ಕೆ ಕನ್ವರ್ಟ್ ಮಾಡಿಸಲು ಹೋದರೆ ಅಲ್ಲಿನ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಕ್ಲಾಸ್ 1 ಮೆಡಿಕಲ್ ಬೇಕು. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಂಥ ಕಡೆ ಕೂತು ತನ್ನ ಆರೋಗ್ಯದ ಕಥೆಗೆ ಮತ್ತೆ ಸಹಿ ಹಾಕಬೇಕು. ಎರಡು ದೇಶಕ್ಕೆ ಎರಡು ಕಥೆ ಹೇಳಿ ಸರ್ವಿಸ್ ಪೂರ್ತಿ ಅದನ್ನು ನೆನಪಿಟ್ಟುಕೊಳ್ಳುವ ಕರ್ಮ ಯಾಕೆ?

ನಿಜ ಬರೆಯಲು ಒಪ್ಪಿದವರನ್ನೂ ಸತಾಯಿಸುವುದು ದಾಖಲೆ. ಮೆಡಿಕಲ್ ಎಕ್ಸಾಮಿನರ್, ಅಂದರೆ ಪೈಲಟ್‌ಗಳನ್ನು ಪರೀಕ್ಷಿಸಲು ಎಫ್‌ಎಎ ಮಾನ್ಯ ಮಾಡಿದ ಡಾಕ್ಟರು, ತೀರ್ಮಾನಿಸದೆ ಬಿಟ್ಟ ಫೈಲು ಓಕ್ಲಹೋಮಾ ಸಿಟಿಯ ಎಫ್‌ಎಎ ವೈದ್ಯಕೀಯ ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಕೂತವರು ಹುಡುಗನ ಮುಖ ನೋಡುವುದಿಲ್ಲ, ಕಾಗದ ನೋಡುತ್ತಾರೆ. ನಮ್ಮಲ್ಲೋ ಬಡಾವಣೆಯ ಕ್ಲಿನಿಕ್ಕಿನಲ್ಲಿ ಫೈಲೇ ಇರುವುದಿಲ್ಲ, ಚೀಟಿ ಪೇಷೆಂಟ್ ಕೈಗೆ. ನಿಮ್ಹಾನ್ಸ್‌ಗೆ ಹೋದವರು ಪುಣ್ಯವಂತರು, ನಂಬರ್ ಹಿಡಿದು ಹೋದರೆ ಕೇಸ್ ಫೈಲ್ ಸಿಗುತ್ತದೆ.

ಒಬ್ಬ ಹುಡುಗ ತಂದಿದ್ದು ಅವನಮ್ಮ ವಾಟ್ಸಾಪಿನಲ್ಲಿ ಕಳಿಸಿದ ಚೀಟಿಯ ಫೋಟೊ. ಮಾತ್ರೆಯ ಹೆಸರು ಬರೀ ಗೀಚು, ಪಕ್ಕದಲ್ಲಿ 0-0-1, ಕೆಳಗೆ '15 ದಿನ'. ಕಾಯಿಲೆ ಏನೆಂದು ಎಲ್ಲೂ ಇಲ್ಲ. 0-0-1 ಅಂದರೆ ರಾತ್ರಿಗೊಂದು ಅಂತ ನಮ್ಮ ಮೆಡಿಕಲ್ ಶಾಪಿನ ಹುಡುಗನಿಗೂ ಗೊತ್ತು. ಇಲ್ಲಿನವರಿಗೆ ಬಿಡಿಸಿ ಹೇಳಬೇಕು. ಬ್ರ್ಯಾಂಡ್ ಹೆಸರು ಹುಡುಕಿದಾಗ ಗೊತ್ತಾಯಿತು, ಅದು ಎಸ್ಸಿಟಾಲೊಪ್ರಾಮ್ (ಡಿಪ್ರೆಶನ್, ಆಂಗ್ಸೈಟಿಗೆ ಕೊಡುವ ಔಷಧಿ) ಜೊತೆ ಕ್ಲೋನಾಜೆಪಾಮ್ (ಮಂಪರು ತರಿಸುವ, ಆತಂಕ ತಗ್ಗಿಸುವ ಔಷಧಿ) ಸೇರಿಸಿದ ಮಾತ್ರೆ. ನಮ್ಮೂರಲ್ಲಿ ಇಂಥವನ್ನು ಫ್ಯಾಮಿಲಿ ಡಾಕ್ಟರೂ ಸಲೀಸಾಗಿ ಬರೆಯುತ್ತಾರೆ. ಎಫ್‌ಎಎ ಕಣ್ಣಿಗೆ ಅದು ಎರಡು ಔಷಧಿ. 2010ರಿಂದ ಅವರು ಷರತ್ತಿನ ಮೇಲೆ ಒಪ್ಪಿದ ಮೊದಲ ನಾಲ್ಕು ಡಿಪ್ರೆಶನ್ ಔಷಧಿಗಳಲ್ಲಿ ಎಸ್ಸಿಟಾಲೊಪ್ರಾಮ್ ಇದೆ (ಉಳಿದವು ಫ್ಲೂಆಕ್ಸೆಟಿನ್, ಸರ್ಟ್ರಲಿನ್, ಸಿಟಾಲೊಪ್ರಾಮ್). ಕ್ಲೋನಾಜೆಪಾಮ್ ತಗೊಂಡು ಹಾರುವಂತೆಯೇ ಇಲ್ಲ, ಹಿಂದೆ ಎರಡನ್ನೂ ಒಟ್ಟಿಗೆ ತಗೊಂಡಿದ್ದರೂ ಪ್ರಶ್ನೆ ಏಳುತ್ತದೆ.

ಅವನಮ್ಮ ಡಾಕ್ಟರನ್ನು ಹುಡುಕಿ ಪತ್ರ ಬರೆಸಿದರು. ಎರಡೇ ಸಾಲು: ನನ್ನ ಬಳಿ ಚಿಕಿತ್ಸೆ ಪಡೆದಿದ್ದ, ಈಗ ವಿಮಾನ ಹಾರಿಸಲು ಅರ್ಹ. ಒಳ್ಳೇ ಮನಸ್ಸಿನಿಂದ ಬರೆದದ್ದೇ, ಆದರೆ ಅರ್ಹತೆ ಹೇಳುವ ಕೆಲಸ ಅವರದಲ್ಲ. ಏನೇನು ಬೇಕೆಂದು ನಾನೇ ಬರೆದು ಕಳಿಸಿದೆ: ಯಾವಾಗಿನಿಂದ ಯಾವಾಗಿನವರೆಗೆ, ಯಾವ ಲಕ್ಷಣ ನೋಡಿ ಏನೆಂದು ಹೆಸರಿಟ್ಟಿರಿ, ಔಷಧಿಯ ಜೆನೆರಿಕ್ ಹೆಸರು, ಪ್ರಮಾಣ, ನಿಲ್ಲಿಸಿದ ದಿನಾಂಕ, ಆತ್ಮಹತ್ಯೆಯ ಯೋಚನೆ ಇತ್ತೇ, ಆಸ್ಪತ್ರೆಗೆ ಸೇರಿದ್ದನೇ, ಆಮೇಲೆ ಹೇಗಿದ್ದಾನೆ. ಡಾಕ್ಟರು ಬೇಸರಿಸದೆ ಒಂದೂವರೆ ಪುಟ ಬರೆದುಕೊಟ್ಟರು. ಫೈಲ್ ಮುಂದೆ ಹೋದದ್ದು ಅದರಿಂದ.

ಇನ್ನೊಂದು ಮಾತು. ಮೆಡ್‌ಎಕ್ಸ್‌ಪ್ರೆಸ್ ಸಬ್ಮಿಟ್ ಮಾಡಿದರೆ ಒಂದು ಕನ್ಫರ್ಮೇಷನ್ ನಂಬರ್ ಬರುತ್ತದೆ. ಎಕ್ಸಾಮಿನರ್ ಆ ನಂಬರ್ ಹಾಕಿ ಅರ್ಜಿ ತೆರೆದರೋ, ಆಮೇಲೆ ಮೂರೇ ದಾರಿ: ಸರ್ಟಿಫಿಕೇಟ್ ಕೊಡಬೇಕು, ಮೇಲಕ್ಕೆ ಕಳಿಸಬೇಕು, ತಿರಸ್ಕರಿಸಬೇಕು. ಆದ್ದರಿಂದ ಮೊದಲು ನಂಬರ್ ಕೊಡದೆ, ಬರೀ ಸಲಹೆಗೆಂದು ಕಾಗದ ಹಿಡಿದು ಹೋಗಿ ಅನ್ನುತ್ತೇನೆ. ಫೀಸ್ ಹೋಗುತ್ತದೆ, ಹೋಗಲಿ. ಬೈಪೋಲಾರ್, ಸೈಕೋಸಿಸ್ ಇದ್ದವರ ವಿಷಯ ಬೇರೆ, ನಿಯಮವೇ ಅನರ್ಹ ಅನ್ನುತ್ತದೆ. ಸಣ್ಣ ಮಟ್ಟದ ಆಂಗ್ಸೈಟಿ, ಡಿಪ್ರೆಶನ್ ಆಗಿ ವಾಸಿಯಾದವರಲ್ಲಿ ಕೆಲವರಿಗೆ 2024ರಿಂದ ಎಕ್ಸಾಮಿನರೇ ಸರ್ಟಿಫಿಕೇಟ್ ಕೊಡಬಹುದು.

2015ರಲ್ಲಿ ಜರ್ಮನ್‌ವಿಂಗ್ಸ್ ವಿಮಾನವನ್ನು ಕೋ-ಪೈಲಟ್ ಬೇಕೆಂದೇ ಆಲ್ಪ್ಸ್ ಬೆಟ್ಟಕ್ಕೆ ಗುದ್ದಿಸಿ 150 ಜನ ಸತ್ತಮೇಲೆ ಈ ಬಿಗಿ ಯಾಕೆಂದು ಯಾರೂ ಕೇಳುವಂತಿಲ್ಲ. ಆತ ಕಾಯಿಲೆಯನ್ನು ಕಂಪನಿಯಿಂದ ಮುಚ್ಚಿಟ್ಟಿದ್ದ. ಹೆದರಿಸಿದಷ್ಟೂ ಮುಚ್ಚಿಡುವವರೇ ಹೆಚ್ಚುತ್ತಾರೆ ಎಂಬುದು ನನ್ನ ಅಭಿಪ್ರಾಯ. ಎಫ್‌ಎಎ ನೇಮಿಸಿದ ಸಮಿತಿ 2024ರಲ್ಲಿ ಕೊಟ್ಟ 24 ಶಿಫಾರಸುಗಳ ದಿಕ್ಕೂ ಅದೇ.

ಫೈಲ್ ಓಕ್ಲಹೋಮಾದಲ್ಲಿ ಇರುವಷ್ಟು ದಿನ ವಿದ್ಯಾರ್ಥಿ ನನ್ನ ಜೊತೆ ಡ್ಯುಯಲ್ ಹಾರಬಹುದು, ಒಬ್ಬನೇ ಸೋಲೋ ಇಲ್ಲ. ವೀಸಾದ ಅವಧಿ, ಬ್ಯಾಂಕಿನ ಬಡ್ಡಿ ಎರಡೂ ಓಡುತ್ತಿರುತ್ತವೆ. ಎಫ್‌ಎಎ ಮಾನ್ಯತೆಯ ಎಕ್ಸಾಮಿನರ್‌ಗಳು ಭಾರತದಲ್ಲೂ ಇದ್ದಾರೆ. ಸ್ಕೂಲಿನ ಫೀಸ್ ಕಟ್ಟುವ ಮೊದಲು, ವೀಸಾಕ್ಕೆ ಹಾಕುವ ಮೊದಲು, ಆ ಡಾಕ್ಟರು ಇನ್ನೂ ಅದೇ ಊರಲ್ಲಿ ಇರುವಾಗಲೇ ಈ ಕೆಲಸ ಮುಗಿಸಿಕೊಂಡು ಬನ್ನಿ.